ಕ್ಯಾಮೆರಾಗೆ ಇನ್ಶೂರೆನ್ಸ್ ಸರಿ, ಲೈಟ್‌ಬಾಯ್‌ಗೆ?

ಪ್ರಶ್ನೆ:
ನಮಸ್ಕಾರ. ಸ್ನೇಹಿತರೆಲ್ಲ ಸೇರಿ ಒಂದು ಸಣ್ಣ ಕನ್ನಡ ಸಿನಿಮಾ ಮಾಡುತ್ತಿದ್ದೇವೆ. ಬಜೆಟ್ 60 ಲಕ್ಷ. ಜುಲೈಯಲ್ಲಿ ಸಕಲೇಶಪುರದ ಹತ್ತಿರ ಒಂದು ತೋಟದ ಮನೆಯಲ್ಲಿ 22 ದಿನ ಶೂಟಿಂಗ್. ಯೂನಿಟ್‌ನಲ್ಲಿ 35 ಜನ. ಕ್ಯಾಮೆರಾ, ಲೆನ್ಸ್ ಎಲ್ಲ ಬಾಡಿಗೆಗೆ, ಬೆಲೆ ಸುಮಾರು 40 ಲಕ್ಷ. ಏನೇ ಆದರೂ ಹೊಣೆ ನಮ್ಮದು ಅಂತ ಬಾಡಿಗೆಯವರು ಸಹಿ ಕೇಳುತ್ತಿದ್ದಾರೆ. ಹಾಗಾಗಿ ಕ್ಯಾಮೆರಾಗೆ ಮಾತ್ರ 20 ಲಕ್ಷದ ಪಾಲಿಸಿ ಮಾಡಿಸೋಣ ಅಂದುಕೊಂಡಿದ್ದೇವೆ. ಉಳಿದದ್ದೆಲ್ಲ ದೊಡ್ಡ ಸಿನಿಮಾಗಳಿಗೆ, ನಮಗೆ ಸುಮ್ನೆ ಖರ್ಚು ಅಂತ ಮ್ಯಾನೇಜರ್ ಹೇಳುತ್ತಾರೆ. ಹೌದಾ?

ಉತ್ತರ (ವಿಮಾ ಸಲಹೆಗಾರ):
ದೊಡ್ಡ ಪ್ಯಾಕೇಜ್ ನಿಮಗೆ ಬೇಡದೇ ಇರಬಹುದು, ಒಪ್ಪುತ್ತೇನೆ. ಆದರೆ ನೀವು ಕ್ಯಾಮೆರಾದ ಬೆಲೆ ಹೇಳಿದ್ದೀರಿ, ಆ 35 ಜನಕ್ಕೆ ಏನು ಮಾಡಿಸುತ್ತೀರಿ ಅಂತ ಹೇಳಲಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ.

2016ರ ನವೆಂಬರ್ 7 ನೆನಪಿದೆ ಅಲ್ವಾ? ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಸಿನಿಮಾದ ಶೂಟಿಂಗ್. ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿದ ನಟರಾದ ಅನಿಲ್, ಉದಯ್ ಇಬ್ಬರೂ ಮುಳುಗಿ ತೀರಿಕೊಂಡರು. 2021ರ ಆಗಸ್ಟ್‌ನಲ್ಲಿ ಬಿಡದಿ ಹತ್ತಿರ ಕರೆಂಟ್ ಹೊಡೆದು ಒಬ್ಬ ಫೈಟರ್ ಹೋದರು. ನಮ್ಮದರಲ್ಲಿ ಫೈಟೇ ಇಲ್ಲ ಅಂತ ನೀವು ಹೇಳಬಹುದು. ಆದರೆ ಜುಲೈ ತಿಂಗಳ ಸಕಲೇಶಪುರ. ಒದ್ದೆ ನೆಲ, ಜನರೇಟರ್, ಅದರಿಂದ ಕೇಬಲ್ ಎಳೆಯುವ ಹುಡುಗರು. ನನಗೆ ಭಯ ಇರುವುದು ಅಲ್ಲಿ.

ಕೆಲಸದಲ್ಲಿ ಜೀವ ಹೋದರೆ ಪರಿಹಾರ ಕೊಡುವ ಹೊಣೆ ಕೆಲಸ ಕೊಟ್ಟವರದು. 1923ರಲ್ಲೇ ಇದಕ್ಕೆ ಕಾನೂನು ಬಂತು. ಲೆಕ್ಕ ಹೀಗೆ: ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. 30 ವರ್ಷದವರಿಗೆ ಆ ಸಂಖ್ಯೆ 207.98. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯನ್ನು 2020ರಲ್ಲಿ 15,000 ರೂಪಾಯಿಗೆ ಏರಿಸಿದರು. ಅಂದರೆ 7,500 ಗುಣಿಸು 207.98. ಹದಿನೈದೂವರೆ ಲಕ್ಷ ದಾಟಿತು. ನಿಮ್ಮ ಬಜೆಟ್ಟಿನ ಕಾಲು ಭಾಗ. ಪಾಲಿಸಿ ಇದ್ದರೆ ಇದನ್ನು ಕಂಪನಿ ಕೊಡುತ್ತದೆ. ಇಲ್ಲದಿದ್ದರೆ ನೀವು ಕೊಡಬೇಕು. ನಿಮ್ಮ ಹತ್ತಿರ ಇಲ್ಲದಿದ್ದರೆ ಆ ಮನೆಯವರು ವರ್ಷಗಟ್ಟಲೆ ಅಲೆಯುತ್ತಾರೆ.

ಹಾಗಾಗಿ ಮೊದಲು ಕಾರ್ಮಿಕರ ಪರಿಹಾರದ ಪಾಲಿಸಿ. ಅದರ ಜೊತೆಗೆ ಎಲ್ಲರಿಗೂ ಗುಂಪು ಅಪಘಾತ ವಿಮೆ. ಎರಡೂ ಒಂದೇ ಅಂತ ತಿಳಿಯಬೇಡಿ. ಮೊದಲನೆಯದು ನಿಮ್ಮ ಕಾನೂನು ಹೊಣೆಯನ್ನು ಹೊರುತ್ತದೆ. ಎರಡನೆಯದು ತಪ್ಪು ಯಾರದೇ ಇರಲಿ, ಗೊತ್ತುಮಾಡಿದ ಮೊತ್ತವನ್ನು ಮನೆಯವರಿಗೆ ಕೊಡುತ್ತದೆ. ಲೈಟ್‌ಬಾಯ್, ಮೇಕಪ್‌ನವರು, ಜೂನಿಯರ್ ಆರ್ಟಿಸ್ಟ್ ಎಲ್ಲರ ಹೆಸರೂ ಕೆಲಸವೂ ಪಟ್ಟಿಯಲ್ಲಿರಲಿ. ಎತ್ತರಕ್ಕೆ ಹತ್ತುವುದು, ನೀರಿಗೆ ಇಳಿಯುವುದು ಇದ್ದರೆ ಮುಚ್ಚಿಡದೆ ಮೊದಲೇ ಬರೆದುಕೊಡಿ. ಪಾಲಿಸಿಗೆ ಅರ್ಜಿ ಹಾಕುವ ಪ್ರಪೋಸಲ್ ಫಾರ್ಮ್‌ನಲ್ಲಿ ಇಲ್ಲದ ಸ್ಟಂಟ್‌ಗೆ ಕ್ಲೇಮ್ ಸಿಗುವುದು ಕಷ್ಟ.

ಈಗ ಕ್ಯಾಮೆರಾ. 40 ಲಕ್ಷದ ಸಾಮಾನಿಗೆ 20 ಲಕ್ಷ ಬರೆಸಿದರೆ ಪ್ರೀಮಿಯಂ ಕಡಿಮೆ ಆಗುತ್ತದೆ, ನಿಜ. ಆದರೆ 6 ಲಕ್ಷದ ಲೆನ್ಸ್ ಬಿದ್ದು ಹಾಳಾದರೆ ಸಿಗುವುದು 3 ಲಕ್ಷವೇ. ಅರ್ಧ ಬೆಲೆಗೆ ವಿಮೆ ಮಾಡಿಸಿದವರಿಗೆ ನಷ್ಟದಲ್ಲೂ ಅರ್ಧವೇ, ಇದು ಪಾಲಿಸಿಯ ಸಾಮಾನ್ಯ ನಿಯಮ. ಅದರಲ್ಲೂ ನಷ್ಟದಲ್ಲಿ ಮೊದಲ ಇಷ್ಟು ಸಾವಿರವನ್ನು ನೀವೇ ಹೊರಬೇಕು ಅಂತ ಒಂದು ಸಾಲು ಇರುತ್ತದೆ, ಅದನ್ನೂ ಓದಿ. ಇನ್ನೊಂದು, ರಾತ್ರಿ ಸಾಮಾನನ್ನು ಟೆಂಪೋದಲ್ಲಿ ಬಿಟ್ಟು ಎಲ್ಲರೂ ಮಲಗಿದಾಗ ಕಳವಾದರೆ ಹೆಚ್ಚಿನ ಪಾಲಿಸಿಗಳು ಕೊಡುವುದಿಲ್ಲ. ನಾನೇ ನೋಡಿದ ಒಂದು ಕ್ಲೇಮ್ ಇದೇ ಕಾರಣಕ್ಕೆ ಹೋಯಿತು. ಕಾವಲಿಗೆ ಒಬ್ಬರಿದ್ದಿದ್ದರೆ ಸಾಕಿತ್ತು.

ಬಾಡಿಗೆಯವರ ಹತ್ತಿರ ಅವರದೇ ಪಾಲಿಸಿ ಇದೆಯಾ ಕೇಳಿ. ಇದ್ದರೂ ನಿಶ್ಚಿಂತೆ ಬೇಡ. ಕಂಪನಿ ಅವರಿಗೆ ದುಡ್ಡು ಕೊಟ್ಟು, ಆಮೇಲೆ ನಿಮ್ಮಿಂದ ವಸೂಲಿಗೆ ಬರಬಹುದು. ಆ ಪಾಲಿಸಿಗೆ ನಿಮ್ಮ ಹೆಸರನ್ನೂ ಸೇರಿಸಲು ಆಗುತ್ತದಾ ನೋಡಿ.

ಮರುಪ್ರಶ್ನೆ:
ಮಳೆಯಿಂದ ಶೂಟಿಂಗ್ ನಿಂತರೆ? ಹೀರೋಗೆ ಜ್ವರ ಬಂದರೆ?

ಉತ್ತರ:
ಜುಲೈಯಲ್ಲಿ ಸಕಲೇಶಪುರದಲ್ಲಿ ಮಳೆ ಬಂತು ಅಂದರೆ ನಷ್ಟ ಅಳೆಯಲು ಬರುವ ಯಾವ ಸರ್ವೇಯರೂ ಅದನ್ನು ಆಕಸ್ಮಿಕ ಅನ್ನುವುದಿಲ್ಲ. ಗುಡ್ಡ ಕುಸಿದು ಲೊಕೇಶನ್‌ಗೆ ಹೋಗಲಾಗದ್ದು ಬೇರೆ ಮಾತು, ಅದಕ್ಕೆ ಕವರ್ ಕೇಳಬಹುದು. ಮಾಮೂಲಿ ಮಳೆಗೆ ಒಳಾಂಗಣದ ಸೀನ್ ಕೈಯಲ್ಲಿಟ್ಟುಕೊಳ್ಳಿ. ವಿಮೆಗಿಂತ ಶೆಡ್ಯೂಲ್ ಹೆಚ್ಚು ಕೆಲಸ ಮಾಡುತ್ತದೆ.

ಕಲಾವಿದರ ಕಾಯಿಲೆಗೆ, ಅಪಘಾತಕ್ಕೆ ಬೇರೆ ಕವರ್ ಇದೆ. ಯಾರಿಲ್ಲದೆ ಶೂಟಿಂಗ್ ನಿಲ್ಲುತ್ತದೋ ಅವರೊಬ್ಬರಿಬ್ಬರಿಗೆ ಸಾಕು. ಶುಗರ್, ಬಿಪಿ ಇದ್ದರೆ ಹೇಳಲೇಬೇಕು. ಡೇಟ್ ಕ್ಲಾಶ್ ಆಯಿತು, ಮುನಿಸಿಕೊಂಡು ಬರಲಿಲ್ಲ ಅನ್ನುವುದಕ್ಕೆಲ್ಲ ದುಡ್ಡು ಬರುವುದಿಲ್ಲ.

ಶೂಟ್ ಮಾಡಿದ ಫುಟೇಜ್‌ಗೂ ಕವರ್ ಸಿಗುತ್ತದೆ, ಆದರೆ ಬ್ಯಾಕಪ್ ಎಲ್ಲಿ ಅಂತ ಮೊದಲು ಕೇಳುತ್ತಾರೆ. ಪ್ರತಿ ರಾತ್ರಿ ಎರಡು ಡ್ರೈವ್, ಎರಡು ಬೇರೆ ಜಾಗದಲ್ಲಿ.

ತೋಟದ ಮನೆಗೆ ಬೆಂಕಿ ಬಿದ್ದರೆ ಪಬ್ಲಿಕ್ ಲಯಬಿಲಿಟಿ (ಹೊರಗಿನವರಿಗೆ ನಮ್ಮಿಂದ ಆದ ಹಾನಿಗೆ ಕೊಡುವ ವಿಮೆ) ಇದೆಯಲ್ಲ ಅಂತ ಸುಮ್ಮನಾಗಬೇಡಿ. ನಿಮ್ಮ ಸುಪರ್ದಿಯಲ್ಲಿರುವ ಆಸ್ತಿಯನ್ನು ಅದರಿಂದ ಹೊರಗಿಟ್ಟಿರುತ್ತಾರೆ. ಬಾಡಿಗೆಗೆ ಪಡೆದ ಲೊಕೇಶನ್ ಸೇರಿದೆಯಾ ಅಂತ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ (ಹುಬ್ಬಳ್ಳಿ):
ನಾನು ಮದುವೆ ವಿಡಿಯೋ ಮಾಡುತ್ತೇನೆ. ಡ್ರೋನ್ ಇದೆ. ಸ್ವಂತ ಕ್ಯಾಮೆರಾ ಎರಡು. ನನಗೆ ಏನು ಬೇಕು?

ಉತ್ತರ:
ನಿಮಗೆ ಶೂಟಿಂಗ್‌ಗೆ ಒಂದೊಂದು ಪಾಲಿಸಿ ಬೇಡ. ಸಾಮಾನು ಎಲ್ಲೇ ಹೋದರೂ ಜೊತೆಗಿರುವ ವರ್ಷದ ಪಾಲಿಸಿ ಸಾಕು. ಸೀರಿಯಲ್ ನಂಬರ್, ಬಿಲ್ ಇಟ್ಟುಕೊಳ್ಳಿ. ಡ್ರೋನ್ ವಿಷಯ ಬೇರೆ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂಗಿಂತ ಜಾಸ್ತಿ ತೂಕದ್ದಕ್ಕೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಛತ್ರದ ತುಂಬಾ ಮಕ್ಕಳು ಓಡಾಡುತ್ತಿರುತ್ತಾರೆ, ಇದನ್ನು ಮಾತ್ರ ಮುಂದೂಡಬೇಡಿ.

ಇನ್ನೊಬ್ಬರು:
ನಮ್ಮ ಸಿನಿಮಾ ಮುಗಿದಿದೆ. ಓಟಿಟಿಯವರು 'ಎರರ್ಸ್ ಅಂಡ್ ಒಮಿಷನ್ಸ್' ಪಾಲಿಸಿ ಕೇಳುತ್ತಿದ್ದಾರೆ. ಏನದು?

ಉತ್ತರ:
ಕಥೆ ನನ್ನದು, ನನ್ನ ಮಾನ ಹೋಯಿತು, ಟೈಟಲ್ ನನ್ನದು ಅಂತ ಯಾರಾದರೂ ಕೇಸ್ ಹಾಕಿದರೆ ಅದರ ಖರ್ಚಿಗೆ. ಕಥೆಗಾರರು, ಸಂಗೀತ ನಿರ್ದೇಶಕರು, ಕಲಾವಿದರು, ಎಲ್ಲರ ಜೊತೆಗಿನ ಒಪ್ಪಂದ ಕಾಗದದ ಮೇಲೆ ಇದ್ದರೆ ಮಾತ್ರ ಸಿಗುತ್ತದೆ. ಬಾಯಿಮಾತಿನಲ್ಲಿ ಆದದ್ದನ್ನು ಈಗಲೇ ಬರೆಸಿಕೊಳ್ಳಿ.

ಮೊದಲು ಪ್ರಶ್ನೆ ಕೇಳಿದವರು:
ಮ್ಯಾನೇಜರ್ ಜೊತೆ ಕೂತು ಪಟ್ಟಿ ಮಾಡುತ್ತಿದ್ದೇವೆ. ಅಡುಗೆಯವರು 3 ಜನ ಕಾಂಟ್ರಾಕ್ಟರ್ ಕಡೆಯವರು. ಅವರೂ ಸೇರಬೇಕಾ? ಹುಡುಗರು ಸಾಮಾನಿನ ಟೆಂಪೋದ ಹಿಂದೆಯೇ ಕೂತು ಬರುತ್ತೇವೆ ಅನ್ನುತ್ತಿದ್ದಾರೆ. ದುಡ್ಡು ಶೂಟಿಂಗ್ ಶುರುವಾದ ಮೇಲೆ ಕಟ್ಟಿದರೆ ಆಗುತ್ತದಾ?

ಉತ್ತರ:
ದುಡ್ಡು ಮೊದಲು. ಪ್ರೀಮಿಯಂ ಕೈಸೇರುವ ತನಕ ಕಂಪನಿಗೆ ಹೊಣೆ ಇಲ್ಲ, ವಿಮಾ ಕಾಯ್ದೆಯೇ ಹಾಗೆ ಹೇಳುತ್ತದೆ. ಬೆಂಗಳೂರಿನಿಂದ ಸಾಮಾನು ಹೊರಡುವ ದಿನದಿಂದಲೇ ಕವರ್ ಇರಲಿ. ಟೆಂಪೋ ಹಿಂದೆ ಯಾರೂ ಕೂರಬಾರದು. ಸರಕಿನ ಗಾಡಿಯ ಪಾಲಿಸಿಯಲ್ಲಿ ಹೀಗೆ ಸುಮ್ನೆ ಹತ್ತಿ ಕೂತವರಿಗೆ ಕವರ್ ಇರುವುದಿಲ್ಲ. ಅವರಿಗೆ ಒಂದು ಬಸ್ ಮಾಡಿ.

ಅಡುಗೆಯವರೂ ಸೇರಬೇಕು. ಕಾಂಟ್ರಾಕ್ಟರ್ ಕಡೆಯವರಾದರೂ ಅಪಘಾತ ಆದಾಗ ನಿಮ್ಮನ್ನೇ ಕೇಳಬಹುದು. 35 ಅಲ್ಲ, 38 ಅಂತ ಬರೆಸಿ.