ಸಹಾಯ ಬೇಕು: ಡೇಟಾ ಅಕ್ವಿಸಿಷನ್ ಬಾಕ್ಸ್ ಕಂಪ್ಯೂಟರ್‌ಗೆ ಕಾಣಿಸುತ್ತಿಲ್ಲ

ನಮಸ್ಕಾರ. ಮೋಟರಿನ ಕಂಪನ ಅಳೆಯಲು 16 ಬಿಟ್‌ನ ಒಂದು ಯುಎಸ್‌ಬಿ ಡೇಟಾ ಅಕ್ವಿಸಿಷನ್ ಬಾಕ್ಸ್ (ಸೆನ್ಸರ್ ಸಿಗ್ನಲ್ ಅನ್ನು ಅಂಕಿಗಳಾಗಿ ಬದಲಿಸಿ ಕಂಪ್ಯೂಟರ್‌ಗೆ ಕಳಿಸುವ ಸಾಧನ) ಬಳಸುತ್ತಿದ್ದೇನೆ. ಮೊನ್ನೆವರೆಗೂ ಚೆನ್ನಾಗಿತ್ತು. ಈಗ ಕೇಬಲ್ ಹಾಕಿದರೆ ಹಸಿರು ದೀಪ ಎರಡು ಸಲ ಮಿಣುಕಿ ಆರಿಹೋಗುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ, 'ಅನ್‌ನೋನ್ ಯುಎಸ್‌ಬಿ ಡಿವೈಸ್', ಕೋಡ್ 43.

ಡ್ರೈವರ್ ತೆಗೆದು ಮತ್ತೆ ಹಾಕಿದೆ. ಎರಡು ಸಲ. ಆಮೇಲೆ ಹೊಳೆಯಿತು: ಡಿಸ್ಕ್ರಿಪ್ಟರ್ (ಸಾಧನ ತನ್ನ ಬಗ್ಗೆ ಕಂಪ್ಯೂಟರ್‌ಗೆ ಕೊಡುವ ಪರಿಚಯದ ಮಾಹಿತಿ) ಓದುವುದಕ್ಕೇ ಆಗದಿದ್ದರೆ ಅದು ಯಾವ ಸಾಧನ ಅಂತಲೇ ಕಂಪ್ಯೂಟರ್‌ಗೆ ತಿಳಿಯುವುದಿಲ್ಲ, ಡ್ರೈವರ್ ಪಾಪ ಏನು ಮಾಡೀತು ಅಲ್ವಾ? ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲೂ ನೋಡಿದೆ. ಯುಎಸ್‌ಬಿ ಸಾಧನಗಳನ್ನು ತೋರಿಸುವ ಎಲ್‌ಎಸ್‌ಯುಎಸ್‌ಬಿ ಪಟ್ಟಿಯಲ್ಲಿ ಇಲ್ಲ, ಕರ್ನಲ್ ಲಾಗ್‌ನಲ್ಲಿ ಎರರ್ -71 (ಪ್ರೋಟೋಕಾಲ್ ಎರರ್, ಅಂದರೆ ಸಾಧನದ ಜೊತೆ ಮಾತುಕತೆ ಸರಿಯಾಗಿ ಆಗುತ್ತಿಲ್ಲ) ಬರುತ್ತಿದೆ. ಹಬ್ ಬಿಟ್ಟು ನೇರ ಪೋರ್ಟಿಗೂ ಹಾಕಿದ್ದಾಯಿತು. ಕೇಬಲ್ ಕೂಡ ಬದಲಿಸಿದೆ. ಮೊದಲು ಸಿಕ್ಕಿದ್ದು ಸುಮ್ನೆ ಚಾರ್ಜಿಂಗ್ ಕೇಬಲ್, ಒಳಗೆ ಡೇಟಾ ತಂತಿಯೇ ಇರಲಿಲ್ಲ. ಒಂದು ಗಂಟೆ ಹಾಳು!

ಒಂದು ವಿಚಿತ್ರ ಇದೆ. ಸೆನ್ಸರ್ ತಂತಿಗಳನ್ನೆಲ್ಲ ಬಿಚ್ಚಿದರೆ ದೀಪ ಸ್ವಲ್ಪ ಜಾಸ್ತಿ ಹೊತ್ತು ಉರಿಯುತ್ತದೆ. ಯುಎಸ್‌ಬಿ 2.0 ಪೋರ್ಟಿನಿಂದ ಸಿಗುವುದೇ 500 ಮಿಲಿಆಂಪ್. ಬಾಕ್ಸಿನ 5 ವೋಲ್ಟ್ ಔಟ್‌ಪುಟ್‌ನಲ್ಲಿ ಎಲ್ಲೋ ಶಾರ್ಟ್ ಆಗಿ ಅದಕ್ಕಿಂತ ಹೆಚ್ಚು ಕರೆಂಟ್ ಎಳೆಯುತ್ತಿದೆಯೋ, ಕನೆಕ್ಟರಿನ ಬೆಸುಗೆ ಬಿಟ್ಟಿದೆಯೋ? ಪ್ಲಗ್ ಅಲ್ಲಾಡಿಸಿದರೆ ತುಸು ಸಡಿಲ ಅನಿಸುತ್ತದೆ.

ಮಲ್ಟಿಮೀಟರ್ ಇದೆ, ಬೆಸುಗೆ ಹಾಕಲೂ ಬರುತ್ತದೆ. ಬಾಕ್ಸ್ ಬಿಚ್ಚಿದ ಮೇಲೆ ಮೊದಲು ಎಲ್ಲಿ ಅಳೆಯಲಿ? ಇಂಥದ್ದನ್ನು ಸರಿ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.