ಮುಕ್ತ ಗುಚ್ಛಗಳಿಂದ ಲೋಹಾಂಶದ ಇಳಿಜಾರು: ಎನ್‌ಜಿಸಿ 6791 ಗೆರೆಗೆ ಕೂರುತ್ತಿಲ್ಲ

ಪ್ರಶ್ನೆ

ಕ್ಷೀರಪಥದ ಕೇಂದ್ರದಿಂದ ಹೊರಕ್ಕೆ ಹೋದಂತೆ ತಟ್ಟೆಯಲ್ಲಿ ಕಬ್ಬಿಣ ಹೇಗೆ ಕಡಿಮೆಯಾಗುತ್ತದೆ ಎಂಬುದನ್ನು ಮುಕ್ತ ನಕ್ಷತ್ರಗುಚ್ಛಗಳಿಂದ (ಒಟ್ಟಿಗೆ ಹುಟ್ಟಿದ ನಕ್ಷತ್ರಗಳ ಸಡಿಲ ಗುಂಪುಗಳಿಂದ) ಅಳೆಯುತ್ತಿದ್ದೇನೆ. ಸದಸ್ಯ ನಕ್ಷತ್ರಗಳ ಪಟ್ಟಿ ನಕ್ಷತ್ರಗಳ ಸ್ಥಾನ ಅಳೆಯುವ ಗಾಯಾ ಉಪಗ್ರಹದಿಂದ, ಕಬ್ಬಿಣದ ಪ್ರಮಾಣ ನಕ್ಷತ್ರಗಳ ರೋಹಿತ ದಾಖಲಿಸಿದ ಅಪೋಜಿ ಸಮೀಕ್ಷೆಯಿಂದ. ದೂರಕ್ಕೆ 1ನ್ನು ಪ್ಯಾರಲಾಕ್ಸ್‌ನಿಂದ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಪಕ್ಕಕ್ಕೆ ಸರಿದಂತೆ ಕಾಣುವ ಕೋನ) ಭಾಗಿಸಿದ್ದೇನೆ, ಅಷ್ಟೇ. ತೊಡಕು ಮೂರು. ಇಳಿಜಾರು ಕಿಲೋಪಾರ್ಸೆಕ್‌ಗೆ (ಸುಮಾರು 3,260 ಜ್ಯೋತಿರ್ವರ್ಷ) −0.04 ಡೆಕ್ಸ್ (1 ಡೆಕ್ಸ್ ಎಂದರೆ ಹತ್ತು ಪಟ್ಟಿನ ವ್ಯತ್ಯಾಸ) ಬರುತ್ತಿದೆ. ಪ್ರಕಟವಾದ ಬೆಲೆಗಳು −0.06ರ ಆಸುಪಾಸಿನಲ್ಲಿವೆ. ಎಂ67 ಎಂಬ ಒಂದೇ ಗುಚ್ಛದೊಳಗೇ 0.1 ಡೆಕ್ಸ್ ಚದುರಿಕೆ ಇದೆ. ಎನ್‌ಜಿಸಿ 6791 ಎಂಬ ಗುಚ್ಛವಂತೂ ಗೆರೆಗಿಂತ ಬಹಳ ಮೇಲಿದೆ.

ಉತ್ತರ 1

ಮೊದಲು ದೂರ ಸರಿಮಾಡಿಕೊಳ್ಳಿ. ಗಾಯಾದ ಪ್ಯಾರಲಾಕ್ಸ್ ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ಈ ಕೊರತೆ ನಕ್ಷತ್ರದ ಹೊಳಪು, ಬಣ್ಣಗಳಿಗೆ ತಕ್ಕಂತೆ ಬದಲಾಗುತ್ತದೆ, 0.02ರಿಂದ 0.04 ಮಿಲಿ ಆರ್ಕ್‌ಸೆಕೆಂಡ್ (ಕೋನದ ಅತಿಸಣ್ಣ ಅಳತೆ) ಎಂದಿಟ್ಟುಕೊಳ್ಳಿ. 5 ಕಿಲೋಪಾರ್ಸೆಕ್ ದೂರದ ಗುಚ್ಛದ ಪ್ಯಾರಲಾಕ್ಸ್ ಬರೀ 0.2. ಅದರಲ್ಲಿ 0.04 ಹೋದರೆ ದೂರ 6.25 ಆಗಿಬಿಡುತ್ತದೆ! ಹೊರಗಿನ ಗುಚ್ಛಗಳು ಇನ್ನೂ ಹೊರಕ್ಕೆ, ಕೇಂದ್ರದ ಕಡೆಯವು ಇನ್ನೂ ಒಳಕ್ಕೆ ಸರಿದು ಗೆರೆ ಹಿಗ್ಗುತ್ತದೆ, ಇಳಿಜಾರು ಸಪಾಟಾಗುತ್ತದೆ. ಪ್ರತಿ ನಕ್ಷತ್ರಕ್ಕೂ ತಿದ್ದುಪಡಿ ಹಾಕಿ, ಆಮೇಲೆ ಗುಚ್ಛದ ಸರಾಸರಿ ಪ್ಯಾರಲಾಕ್ಸ್ ತೆಗೆಯಿರಿ. 4–5 ಕಿಲೋಪಾರ್ಸೆಕ್ ದಾಟಿದರೆ ಬಣ್ಣ-ಹೊಳಪಿನ ನಕ್ಷೆಗೆ ಸಮವಯಸ್ಸಿನ ರೇಖೆ (ಒಂದೇ ವಯಸ್ಸಿನ ನಕ್ಷತ್ರಗಳು ಎಲ್ಲಿರಬೇಕೆಂದು ಸಿದ್ಧಾಂತ ಹೇಳುವ ಗೆರೆ) ಹೊಂದಿಸಿ ಪಡೆದ ದೂರವೇ ಹೆಚ್ಚು ನಂಬಿಕೆಗೆ ಅರ್ಹ.

ಎಂ67ರ ಚದುರಿಕೆ ಬಹುಪಾಲು ನಿಜವಾದದ್ದೇ. ನೀವು ದೈತ್ಯಗಳನ್ನೂ (ಮುಪ್ಪಿನಲ್ಲಿ ಉಬ್ಬಿದ ನಕ್ಷತ್ರಗಳು) ಮುಖ್ಯಶ್ರೇಣಿ (ಒಡಲಲ್ಲಿ ಹೈಡ್ರೋಜನ್ ಉರಿಸುವ ಹಂತ) ಬಿಟ್ಟು ತಿರುಗುವ ಹಂತದ ನಕ್ಷತ್ರಗಳನ್ನೂ ಬೆರೆಸಿದಂತಿದೆ. ತಿರುಗುವ ಹಂತದವುಗಳ ಹೊರಪದರದಿಂದ ಭಾರದ ಪರಮಾಣುಗಳು ನಿಧಾನವಾಗಿ ಕೆಳಗಿಳಿದಿರುತ್ತವೆ. ನಕ್ಷತ್ರ ದೈತ್ಯವಾದಾಗ ಒಡಲು ಆಳದವರೆಗೆ ಕಲಕಿ ಅವು ಮತ್ತೆ ಮೇಲೆ ಬರುತ್ತವೆ. ಈ ವ್ಯತ್ಯಾಸವೇ ಸುಮಾರು 0.1 ಡೆಕ್ಸ್. ದೈತ್ಯಗಳನ್ನು ಮಾತ್ರ ಇಟ್ಟುಕೊಳ್ಳಿ. ಸದಸ್ಯತ್ವದ ಸಂಭವನೀಯತೆ 0.7ಕ್ಕಿಂತ ಹೆಚ್ಚಿರಲಿ, ಅರೀಯ ವೇಗವೂ (ನಮ್ಮತ್ತ ಅಥವಾ ನಮ್ಮಿಂದಾಚೆ ಚಲಿಸುವ ವೇಗ) ಗುಚ್ಛದ ಸರಾಸರಿಗೆ ಹೊಂದಲಿ. ಒಂದೇ ನಕ್ಷತ್ರವಿರುವ ಗುಚ್ಛಕ್ಕೆ ತೂಕ ಕಡಿಮೆ ಕೊಡಿ. ಅದು ದಾರಿಹೋಕ ನಕ್ಷತ್ರವೂ ಆಗಿರಬಹುದು.

ಉತ್ತರ 2

ಮೇಲಿನದಕ್ಕೆ ಒಂದು ಸೇರ್ಪಡೆ: ಎಲ್ಲಕ್ಕೂ ಒಂದೇ ಸರಳರೇಖೆ ಎಳೆಯಬೇಡಿ. ಸುಮಾರು 12–14 ಕಿಲೋಪಾರ್ಸೆಕ್ ಆಚೆ ಇಳಿಜಾರು ಬಹುತೇಕ ನಿಂತುಹೋಗುತ್ತದೆ. ಬರ್ಕ್‌ಲಿ 29 ಎಂಬ ಗುಚ್ಛ ಕೇಂದ್ರದಿಂದ ಹತ್ತಿರಹತ್ತಿರ 20 ಕಿಲೋಪಾರ್ಸೆಕ್ ದೂರದಲ್ಲಿದೆ. ಸೂರ್ಯ ಇರುವುದು 8.2ರಲ್ಲಿ. −0.06ರ ಲೆಕ್ಕದಲ್ಲಿ ಬರ್ಕ್‌ಲಿ 29ರ ಲೋಹಾಂಶ (ಸೂರ್ಯನದು 0 ಎಂದಿಟ್ಟುಕೊಂಡರೆ) −0.7 ಇರಬೇಕಿತ್ತು, ಅಳತೆಯಲ್ಲಿ ಸಿಗುವುದು −0.4ರಿಂದ −0.5. ಮುರಿಯುವ ಬಿಂದುವನ್ನೂ ಅಜ್ಞಾತವಾಗಿಟ್ಟು ಎರಡು ತುಂಡಿನ ರೇಖೆ ಹೊಂದಿಸಿ.

ತೀರಾ ಎಳೆಯ ಗುಚ್ಛಗಳಲ್ಲಿ, ಅಂದರೆ 10 ಕೋಟಿ ವರ್ಷಕ್ಕಿಂತ ಚಿಕ್ಕವುಗಳಲ್ಲಿ, ಎಚ್ಚರ. ಅಲ್ಲಿ ಸಿಗುವ ದೈತ್ಯಗಳ ಗುರುತ್ವ ಕಡಿಮೆ, ಕಾಂತೀಯ ಚಟುವಟಿಕೆ ಜಾಸ್ತಿ. ರೋಹಿತದ ಪ್ರಬಲ ರೇಖೆಗಳು ಅಗಲಗೊಂಡು ಸೂಕ್ಷ್ಮ ಪ್ರಕ್ಷುಬ್ಧತೆಯ (ನಕ್ಷತ್ರದ ಹೊರಪದರದ ಅನಿಲದ ಸಣ್ಣಪುಟ್ಟ ಕಲಕಾಟ) ಬೆಲೆ ಏರುತ್ತದೆ, ಕಬ್ಬಿಣ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ.

ಪ್ರಶ್ನೆ ಕೇಳಿದವರು

ದೂರ ತಿದ್ದಿ, ದೈತ್ಯಗಳನ್ನಷ್ಟೇ ಇಟ್ಟು ನೋಡಿದೆ: −0.058. ಇಬ್ಬರಿಗೂ ವಂದನೆ. ಎನ್‌ಜಿಸಿ 6791 ಮಾತ್ರ ಅಲ್ಲೇ ಇದೆ. ಪಟ್ಟಿಯಿಂದ ತೆಗೆಯಲೇ?

ಉತ್ತರ 2

ದಯವಿಟ್ಟು ತೆಗೆಯಬೇಡಿ. ಅದರ ವಯಸ್ಸು ಸುಮಾರು 800 ಕೋಟಿ ವರ್ಷ, ಕಬ್ಬಿಣ ಸೂರ್ಯನ ಎರಡು ಪಟ್ಟಿಗೂ ಮೇಲೆ. ಈಗಿರುವ ಜಾಗದಲ್ಲಿ, ಅಷ್ಟು ಹಿಂದೆ, ಅಂಥ ಅನಿಲ ಇರುವುದು ಕಷ್ಟ. ಒಳತಟ್ಟೆಯಲ್ಲಿ ಹುಟ್ಟಿ, ಕ್ಷೀರಪಥದ ನಡುವಿನ ದಂಡಾಕಾರದ ನಕ್ಷತ್ರರಾಶಿ ಮತ್ತು ಸುರುಳಿ ತೋಳುಗಳ ಸೆಳೆತದಿಂದ ಹೊರಕ್ಕೆ ವಲಸೆ ಬಂದಿದೆ ಎಂಬುದೇ ಒಪ್ಪುವ ವಿವರಣೆ. ನಿಮ್ಮ ನಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸುದ್ದಿ ಹೇಳುವ ಚುಕ್ಕೆ ಅದು.

ಗುಚ್ಛಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿ: 200 ಕೋಟಿ ವರ್ಷಕ್ಕಿಂತ ಎಳೆಯವು ಒಂದು ಕಡೆ, ಹಳೆಯವು ಇನ್ನೊಂದು ಕಡೆ. ಈಗಿನ ಅನಿಲದ ಸ್ಥಿತಿಯನ್ನು ಎಳೆಯವು ತೋರಿಸುತ್ತವೆ. ಹಳೆಯವುಗಳಲ್ಲಿ ವಲಸೆ ಬೆರೆತಿರುತ್ತದೆ. ಕೇಂದ್ರದಿಂದ ಈಗಿನ ದೂರದ ಬದಲು ಕೋನೀಯ ಸಂವೇಗದಿಂದ ಕಕ್ಷೆಯ ಸರಾಸರಿ ತ್ರಿಜ್ಯ ಲೆಕ್ಕಹಾಕಿದರೆ ಒಳಹೊರಗೆ ತೂಗಾಡುವ ಕಕ್ಷೆಗಳ ಮಸುಕು ಹೋಗುತ್ತದೆ. ಆದರೆ ಕೋನೀಯ ಸಂವೇಗವೇ ಬದಲಾದ ವಲಸೆ ಅದರಿಂದ ಸರಿಹೋಗದು. ಒಳತಟ್ಟೆಯ ದಟ್ಟ ಮೋಡಗಳ ನಡುವೆ ಗುಚ್ಛಗಳು ಬೇಗ ಒಡೆದುಹೋಗುತ್ತವೆ, ಹೊರಗೆ ತಪ್ಪಿಸಿಕೊಂಡವು ಉಳಿಯುತ್ತವೆ. ಹಳೆಯ, ಲೋಹ ಹೆಚ್ಚಿರುವ ಗುಚ್ಛಗಳು ಸೂರ್ಯನ ಸುತ್ತಮುತ್ತ ಕಾಣುವುದಕ್ಕೆ ಇದೂ ಒಂದು ಕಾರಣ.

ಉತ್ತರ 1

ಹಾಗೆಯೇ ಮೆಗ್ನೀಸಿಯಮ್-ಕಬ್ಬಿಣದ ಅನುಪಾತದ್ದೂ ಒಂದು ನಕ್ಷೆ ಹಾಕಿ. ಮೆಗ್ನೀಸಿಯಮ್ ಭಾರೀ ನಕ್ಷತ್ರಗಳ ಸ್ಫೋಟದಿಂದ ಬೇಗ ಬರುತ್ತದೆ. ಕಬ್ಬಿಣದ ದೊಡ್ಡ ಪಾಲು ಶ್ವೇತಕುಬ್ಜಗಳ ಸ್ಫೋಟದಿಂದ ತಡವಾಗಿ ಬರುತ್ತದೆ. ಹೊರಗೆ ಹೋದಂತೆ ಈ ಅನುಪಾತ ಮೆಲ್ಲಗೆ ಏರಬೇಕು. ಒಳಗೆ ಏರುತ್ತಿದ್ದರೆ ನಿಮ್ಮ ದೈತ್ಯಗಳ ತಾಪಮಾನದ ಮಿತಿಯನ್ನು ಮತ್ತೆ ನೋಡಿ.