ಅಪ್ಪನ ತೊಡೆಯ ಗಂಟಿಗೆ ‘ಫಿಶ್ ಟೆಸ್ಟ್’ ಅಂತೆ, ಏನಿದು?

ಮಲ್ಪೆಯ ಮಗಳು:
ಅಪ್ಪನಿಗೆ 63. ಮಲ್ಪೆ ಬಂದರಿನಲ್ಲಿ ಬಲೆ ರಿಪೇರಿ ಕೆಲಸ. ತೊಡೆಯೊಳಗೆ ಐದಾರು ವರ್ಷದಿಂದ ಗಂಟಿತ್ತು, ನೋವಿಲ್ಲ ಅಂತ ಸುಮ್ನೆ ಬಿಟ್ಟಿದ್ದರು. ನೆಲದಲ್ಲಿ ಕೂತರೆ ಒತ್ತುತ್ತದೆ ಅಂದ ಮೇಲೆ ತೋರಿಸಿದೆವು. ಹೋದ ತಿಂಗಳು ತೆಗೆದರು, ಸಿಪ್ಪೆ ಸುಲಿದ ತೆಂಗಿನಕಾಯಿಯಷ್ಟಿತ್ತು. ಈಗ ರಿಪೋರ್ಟಿನಲ್ಲಿ ‘ಎಂಡಿಎಂ2 ಫಿಶ್ ಮಾಡಿಸಿ’ ಅಂತ ಬರೆದಿದೆ. ಅಮ್ಮ ಕೇಳಿದ್ದು, “ಯಾವ ಮೀನು, ಬಂಗುಡೆಯಾ ಬೂತಾಯಿಯಾ?” ಕೌಂಟರಿನಲ್ಲಿ ವಿಚಾರಿಸಿದರೆ “ಅದು ಜೀನ್ ಟೆಸ್ಟ್” ಅಂದರು, ಅಷ್ಟೇ. ಜೀನ್ ಅಂದರೆ ನನಗೂ ತಮ್ಮನಿಗೂ ಬರುತ್ತದಾ? ನಿದ್ದೆ ಇಲ್ಲ.

ಸ್ಲೈಡ್ ಪೆಟ್ಟಿಗೆ:
ಮಂಗಳೂರಿನ ಲ್ಯಾಬೊಂದರಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸ ನನ್ನದು. ಮೀನಲ್ಲ ಮಾರಾಯ್ರೆ! ಫ್ಲೋರೆಸೆನ್ಸ್ ಇನ್ ಸಿಟು ಹೈಬ್ರಿಡೈಸೇಶನ್, ಅದನ್ನೇ ಫಿಶ್ ಅನ್ನುವುದು.

ಗಂಟಿನ ತುಂಡು ಮೇಣದ ಬ್ಲಾಕಿನಲ್ಲಿರುತ್ತದೆ. ಅದರಿಂದ ಕೂದಲಿಗಿಂತ ತೆಳ್ಳಗೆ ಒಂದು ಪದರ ಕೊಯ್ದು, ಹೊಳೆಯುವ ಬಣ್ಣದ ಪ್ರೋಬ್ ಹಾಕುತ್ತೇವೆ. ಅದು 12ನೇ ಕ್ರೋಮೋಸೋಮಿನ ಎಂಡಿಎಂ2 ಜೀನಿಗೆ ಅಂಟುತ್ತದೆ. ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿನಡಿ ನೋಡಿದರೆ, ಸಾಮಾನ್ಯ ಕೋಶದಲ್ಲಿ ಎರಡೇ ಚುಕ್ಕೆ. ತಂದೆ ಕಡೆಯದೊಂದು, ತಾಯಿ ಕಡೆಯದೊಂದು. ಬರೀ ಕೊಬ್ಬಿನ ಗಂಟಾದರೆ ಈ ಚುಕ್ಕೆ ಜಾಸ್ತಿಯಾಗುವುದಿಲ್ಲ. ಲೈಪೋಸಾರ್ಕೋಮಾದ, ಅಂದರೆ ಕೊಬ್ಬಿನ ಕೋಶದ ಕ್ಯಾನ್ಸರಿನ, ಕೆಲವು ಜಾತಿಯದಾದರೆ ಚುಕ್ಕೆಗಳ ರಾಶಿ, ರಾತ್ರಿ ಕಡಲಲ್ಲಿ ಬೋಟುಗಳ ದೀಪ ಕಂಡ ಹಾಗೆ. ಈ ಜೀನಿನ ಪ್ರೋಟೀನು ಪಿ53 ಅನ್ನುವ ಕಾವಲುಗಾರನನ್ನು ಹಿಡಿದು ಮುಗಿಸುತ್ತದೆ. ಆಮೇಲೆ ಕೋಶಕ್ಕೆ ತಡೆಯಿಲ್ಲ.

ಹಾಗೆ ಬಂದರೂ ಕಂಗಾಲಾಗಬೇಡಿ. ಕೈಕಾಲಿನಲ್ಲಿ ಆಗುವ, ನೋಡಲು ಕೊಬ್ಬಿನ ಹಾಗೇ ಇರುವ ನಮೂನೆ ಬೇರೆ ಕಡೆ ಹರಡುವುದಿಲ್ಲ. ಅದೇ ಜಾಗದಲ್ಲಿ ಮತ್ತೆ ಬರಬಹುದು, ಕೆಲವೊಮ್ಮೆ ವರ್ಷಗಳಾದ ಮೇಲೆ ಸ್ವಭಾವ ಬದಲಿಸಬಹುದು. ಅದಕ್ಕೇ ಚೆಕಪ್ ತಪ್ಪಿಸಬಾರದು. ಈ ಬದಲಾವಣೆ ಆದದ್ದು ಗಂಟಿನ ಕೋಶಗಳಲ್ಲಿ ಮಾತ್ರ. ಹುಟ್ಟುವಾಗ ಬಂದದ್ದಲ್ಲ, ನಿಮಗೆ ದಾಟುವುದೂ ಇಲ್ಲ.

ಕದ್ರಿ ಗುಡ್ಡೆ:
ಎಲ್ಲ ಗಂಟೂ ಹಾಗಲ್ಲ ಅಲ್ವಾ? ನನಗೆ ಚಿಕ್ಕಂದಿನಿಂದ ಮೈತುಂಬ ಕಂದು ಮಚ್ಚೆ, ಆಮೇಲೆ ಮೆತ್ತನೆ ಗಂಟುಗಳು. ನ್ಯೂರೋಫೈಬ್ರೋಮಟೋಸಿಸ್ 1. ನನ್ನ ಅಮ್ಮನಿಗೂ ಇತ್ತು.

ಸ್ಲೈಡ್ ಪೆಟ್ಟಿಗೆ:
ಸರಿ, ಅದು ಬೇರೆ. ನಿಮ್ಮದು 17ನೇ ಕ್ರೋಮೋಸೋಮಿನ ಎನ್ಎಫ್1 ಜೀನಿನ ದೋಷ, ಮೈಯ ಎಲ್ಲ ಕೋಶದಲ್ಲೂ ಇರುತ್ತದೆ. ಪ್ರತಿ ಮಗುವಿಗೂ ಹೋಗುವ ಸಾಧ್ಯತೆ ಅರ್ಧಕ್ಕರ್ಧ.

ಮಲ್ಪೆಯವರೇ, ಸ್ಲೈಡ್ ಮಾತ್ರ ತರಬೇಡಿ, ಬ್ಲಾಕನ್ನೂ ಕೇಳಿ ತನ್ನಿ. ಬಿಸಿಲಿಗೆ ನಿಲ್ಲಿಸಿದ ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ, ಮೇಣ ಮೆತ್ತಗಾಗುತ್ತದೆ.

ಮಲ್ಪೆಯ ಮಗಳು:
ನಾಳೆ ಎಕ್ಸ್‌ಪ್ರೆಸ್ ಬಸ್ಸಿಗೆ ಬರುತ್ತೇನೆ, ಬ್ಲಾಕ್ ತಮ್ಮನ ಟಿಫಿನ್ ಡಬ್ಬಿಯಲ್ಲಿ. ಮೀನಲ್ಲ ಅಂತ ಅಮ್ಮನಿಗೆ ಹೇಳಿದೆ. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.